ವಿದೇಶಿ ಬ್ಯಾಂಕಿನ ಕಾರ್ಪೊರೇಟ್ ಕಾರ್ಡ್: ನಮ್ಮಂಥ ಸಣ್ಣ ಘಟಕಕ್ಕೆ ಬೇಕಾ, ಬೇಡ್ವಾ?

ವಸಂತನರಸಾಪುರ_ಲೇತ್:
ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಘಟಕ. ಸಿಎನ್‌ಸಿ ಟರ್ನಿಂಗ್, ಗ್ರೈಂಡಿಂಗ್. ಪಂಪಿನ ಶಾಫ್ಟ್, ಬುಷ್ ಮಾಡಿ ಜರ್ಮನಿಗೆ ಕಳಿಸುತ್ತೇವೆ. ನಾನು ಲೆಕ್ಕಪತ್ರ ನೋಡುತ್ತೇನೆ. ಹೆಸರಿಗೆ ಅಕೌಂಟ್ಸ್ ಅಷ್ಟೇ, ವೀಸಾ ಫಾರಂ ತುಂಬೋದರಿಂದ ಹಿಡಿದು ಜನರೇಟರ್‌ಗೆ ಡೀಸೆಲ್ ತರಿಸೋ ತನಕ ಎಲ್ಲಾ ನನ್ನ ತಲೆಗೇ.

ಏಪ್ರಿಲ್‌ನಲ್ಲಿ ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ನಮ್ಮವರು ನಾಲ್ಕು ಜನ ಹೋಗುತ್ತಾರೆ. ಇಲ್ಲಿ ತನಕ ಅವರವರ ಸ್ವಂತ ಕಾರ್ಡ್ ಉಜ್ಜಿಕೊಂಡು, ಜೇಬಲ್ಲಿ ಒಂದಿಷ್ಟು ಯೂರೊ ನೋಟು ಇಟ್ಟುಕೊಂಡು ಹೋಗಿ ಬರುತ್ತಿದ್ದರು. ಬಂದ ಮೇಲೆ ಪ್ಲಾಸ್ಟಿಕ್ ಕವರ್ ತುಂಬ ಬಿಲ್ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ. ಅರ್ಧ ಬಿಲ್ಲಿನ ಅಕ್ಷರ ಅಳಿಸಿಹೋಗಿರುತ್ತದೆ, ಇನ್ನರ್ಧ ಜರ್ಮನ್ ಭಾಷೆ. ಯಾವುದು ಊಟ, ಯಾವುದು ಟ್ಯಾಕ್ಸಿ ಅಂತ ಕಂಡುಹಿಡಿಯುವಷ್ಟರಲ್ಲಿ ಜಿಎಸ್‌ಟಿ ರಿಟರ್ನ್ ತಲೆ ಮೇಲೆ ಬಂದು ಕೂತಿರುತ್ತದೆ.

ಹೋದ ವಾರ ಒಂದು ವಿದೇಶಿ ಬ್ಯಾಂಕಿನ ಬೆಂಗಳೂರು ಶಾಖೆಯವರು ಬಂದಿದ್ದರು. ಕಾರ್ಪೊರೇಟ್ ಕಾರ್ಡ್, ಅಂದರೆ ಕಂಪನಿ ಹೆಸರಲ್ಲಿ ಕ್ರೆಡಿಟ್ ಕಾರ್ಡ್ ಕೊಡುತ್ತಾರಂತೆ. ಜಗತ್ತಿನಲ್ಲಿ ಎಲ್ಲಿ ಬೇಕಾದರೂ ನಡೆಯುತ್ತದೆ, ತಿಂಗಳಿಗೊಂದೇ ಸ್ಟೇಟ್‌ಮೆಂಟ್, ಕಂಪ್ಯೂಟರಿನಲ್ಲೇ ಕೂತು ಹೊರದೇಶದ ಸಪ್ಲೈಯರ್‌ಗೂ ದುಡ್ಡು ಕಳಿಸಬಹುದು. ಬದಲಿಗೆ ಒಂದು ಎಫ್‌ಡಿ ಅವರಲ್ಲಿ ಅಡವಿಡಬೇಕು, ಡೈರೆಕ್ಟರ್ ವೈಯಕ್ತಿಕ ಗ್ಯಾರಂಟಿ ಕೊಡಬೇಕು. ನಮ್ಮ ಕರೆಂಟ್ ಅಕೌಂಟ್ ಇರುವುದು ಬಿ.ಎಚ್. ರಸ್ತೆಯ ಒಂದು ಸರ್ಕಾರಿ ಬ್ಯಾಂಕಿನಲ್ಲಿ. ಅಲ್ಲಿನ ಮ್ಯಾನೇಜರ್ "ಇದೆಲ್ಲ ಯಾಕ್ರೀ, ಫಾರೆಕ್ಸ್ ಕಾರ್ಡ್ ತಗೊಳ್ಳಿ ಸಾಕು" ಅನ್ನುತ್ತಾರೆ, ಅಂದರೆ ಮೊದಲೇ ಯೂರೊ ತುಂಬಿಸಿಕೊಂಡು ಹೋಗುವ ಕಾರ್ಡ್. ನಮ್ಮ ಮಾಲೀಕರದು ಒಂದೇ ಹಟ: ವಿದೇಶಕ್ಕೆ ಹೋಗುವವರಿಗೆ ವಿದೇಶಿ ಬ್ಯಾಂಕೇ ಸರಿ ಅಂತ. ಬಳಸಿದವರು ಯಾರಾದರೂ ಇದ್ದರೆ ಹೇಳಿ.

ತಟ್ಟೆಇಡ್ಲಿ_ತಮ್ಮಯ್ಯ:
ಮೊದಲು ಕ್ಯಾತ್ಸಂದ್ರದಲ್ಲಿ ಹೊಟ್ಟೆ ತುಂಬ ತಟ್ಟೆ ಇಡ್ಲಿ ತಿಂದು ಹೊರಡಲಿ. ಮೇಳದ ಸಮಯದಲ್ಲಿ ಹ್ಯಾನೋವರ್ ಹೋಟೆಲ್ ರೇಟು ನೋಡಿದರೆ ಯಾವ ಬ್ಯಾಂಕಿನ ಲಿಮಿಟ್ಟೂ ಸಾಲದು.

ಗೌರಿಬಿದನೂರು_ಗಿರಿ:
ಕಣ್ಣು ಮುಚ್ಚಿ ತಗೊಳ್ಳಿ. ನಮ್ಮ ಕಂಪನಿಯಲ್ಲಿ ವಿದೇಶಿ ಬ್ಯಾಂಕಿನದೇ ಇದೆ. ಯಾರು ಎಲ್ಲಿ ಎಷ್ಟು ಖರ್ಚು ಮಾಡಿದರು ಅಂತ ಸಂಜೆಗೆಲ್ಲ ಪೋರ್ಟಲ್‌ನಲ್ಲಿ ಕಾಣುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಮಿತಿ ಇಡಬಹುದು. ಎಟಿಎಂನಿಂದ ನಗದು ತೆಗೆಯೋದನ್ನೇ ಬಂದ್ ಮಾಡಬಹುದು. ಮದ್ಯದಂಗಡಿ, ಆಭರಣದಂಗಡಿ ಅಂತ ಅಂಗಡಿಯ ಜಾತಿ ನೋಡಿ ತಡೆ ಹಾಕಬಹುದು. ಸರ್ಕಾರಿ ಬ್ಯಾಂಕಿನಲ್ಲಿ ಇದನ್ನೆಲ್ಲ ಕೇಳಿ ನೋಡಿ, "ಸರ್ವರ್ ಡೌನ್, ಊಟ ಆದ ಮೇಲೆ ಬನ್ನಿ" ಅಂತಾರೆ.

ಸಿರಾಗೇಟ್_ಸೀನ:
@ಗೌರಿಬಿದನೂರು_ಗಿರಿ ಅದೇ ಸರ್ಕಾರಿ ಬ್ಯಾಂಕು ಸಾಲ ಕೊಟ್ಟಿದ್ದಕ್ಕೆ ಎಷ್ಟೋ ಘಟಕ ಬದುಕಿವೆ ಗುರು. ಸುಮ್ನೆ ಬೈಬೇಡಿ.

ಲೆಕ್ಕದ_ಮೇಷ್ಟ್ರು:
ನಾನು ಲೆಕ್ಕ ಪರಿಶೋಧನೆ ಮಾಡುವವನು, ಇಂಥ ಕಂಪನಿಗಳ ಕಡತ ದಿನಾ ನೋಡುತ್ತೇನೆ. ಕಾರ್ಡಿನ ಬಣ್ಣ ಬಿಡಿ, ಮೊದಲು ಮಾರ್ಕಪ್ (ವಿನಿಮಯ ದರದ ಮೇಲೆ ಬ್ಯಾಂಕು ಹಾಕುವ ಹೆಚ್ಚುವರಿ ಶುಲ್ಕ) ಎಷ್ಟು ಅಂತ ಕೇಳಿ. ಬ್ರೋಷರ್‌ನಲ್ಲಿ ಅದು ಇರುವುದಿಲ್ಲ. ಕೊನೆಯ ಪುಟದ ಸಣ್ಣಕ್ಷರದಲ್ಲಿ ಇರುತ್ತದೆ.

ಲೆಕ್ಕ ಸುಲಭವಾಗಲಿ ಅಂತ ಯೂರೊಗೆ 100 ರೂಪಾಯಿ ಅಂದುಕೊಳ್ಳಿ. 1,000 ಯೂರೊ ಹೋಟೆಲ್ ಬಿಲ್ ಅಂದರೆ 1 ಲಕ್ಷ. ತುಂಬಾ ಕ್ರೆಡಿಟ್ ಕಾರ್ಡ್‌ಗಳಲ್ಲಿ ವಿದೇಶಿ ಕರೆನ್ಸಿ ಮಾರ್ಕಪ್ ಶೇ. 3.5 ಇರುತ್ತದೆ. ಅಲ್ಲಿಗೆ 3,500. ಅದರ ಮೇಲೆ ಶೇ. 18 ಜಿಎಸ್‌ಟಿ, 630. ಒಟ್ಟು 4,130 ರೂಪಾಯಿ ಬರೀ ಕಾರ್ಡ್ ಉಜ್ಜಿದ್ದಕ್ಕೆ. ಇದನ್ನೇ ಶೇ. 2ಕ್ಕೆ ಇಳಿಸಿಕೊಂಡರೆ 2,360. ಚೌಕಾಸಿ ಮಾಡಿ. ಕಾರ್ಪೊರೇಟ್ ಕಾರ್ಡ್‌ನಲ್ಲಿ ಈ ದರ ಕಲ್ಲಲ್ಲಿ ಕೆತ್ತಿದ್ದೇನಲ್ಲ.

ಇನ್ನೊಂದು ವಿಷಯ. ಕಂಪನಿಯ ಜಿಎಸ್‌ಟಿ ನಂಬರ್ ಬ್ಯಾಂಕಿನಲ್ಲಿ ನೋಂದಾಯಿಸಿದ್ದರೆ ಆ 630 ರೂಪಾಯಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು, ಅಂದರೆ ಕಂಪನಿ ಕಟ್ಟಬೇಕಾದ ಜಿಎಸ್‌ಟಿಯಿಂದ ವಜಾ ಮಾಡಿಕೊಳ್ಳಬಹುದು. ನೌಕರನ ಸ್ವಂತ ಕಾರ್ಡ್ ಆದರೆ ಅದು ಹೋಯಿತು ಅಂತಲೇ ಲೆಕ್ಕ. ಈಗಿನ ಪದ್ಧತಿಯಲ್ಲಿ ನೀವು ಇದನ್ನೂ ಕಳೆದುಕೊಳ್ಳುತ್ತಿದ್ದೀರಿ.

ವಸಂತನರಸಾಪುರ_ಲೇತ್:
ಮೇಷ್ಟ್ರೇ, ಹಾಗಾದರೆ ಫಾರೆಕ್ಸ್ ಕಾರ್ಡ್ ಅಗ್ಗವಾ? ಮ್ಯಾನೇಜರ್ "ಮಾರ್ಕಪ್ಪೇ ಇಲ್ಲ" ಅಂದರು.

ಲೆಕ್ಕದ_ಮೇಷ್ಟ್ರು:
ಮಾರ್ಕಪ್ ಇಲ್ಲ ಅನ್ನುವುದು ಅರ್ಧ ನಿಜ. ಯೂರೊ ತುಂಬಿಸಿದ ಕಾರ್ಡನ್ನು ಯೂರೊದಲ್ಲೇ ಬಳಸಿದರೆ ಅಲ್ಲಿ ಏನೂ ಹಿಡಿಯುವುದಿಲ್ಲ. ಆದರೆ ತುಂಬಿಸುವಾಗ ಬ್ಯಾಂಕ್ ತನ್ನ ದರದಲ್ಲಿ ಯೂರೊ ಮಾರುತ್ತದೆ, ಲಾಭ ಆ ದರದೊಳಗೇ ಕೂತಿರುತ್ತದೆ. ಆ ದಿನದ ಮಾರುಕಟ್ಟೆ ದರವನ್ನು ಫೋನಿನಲ್ಲಿ ನೋಡಿ, ಬ್ಯಾಂಕಿನ ಕಾರ್ಡ್ ದರ ಪಕ್ಕದಲ್ಲಿ ಬರೆದುಕೊಳ್ಳಿ. ವ್ಯತ್ಯಾಸವೇ ನಿಮ್ಮ ಮಾರ್ಕಪ್. ಜಿಎಸ್‌ಟಿ ಮಾತ್ರ ಇಲ್ಲಿ ಕಡಿಮೆ. 1 ಲಕ್ಷದ ತನಕ ವಿನಿಮಯಕ್ಕೆ ಅದರ ಶೇ. 1ನ್ನು ಸೇವೆಯ ಬೆಲೆ ಅಂತ ಹಿಡಿದು ಅದಕ್ಕೆ ತೆರಿಗೆ. ಅಂದರೆ 1 ಲಕ್ಷಕ್ಕೆ 180 ರೂಪಾಯಿ.

ಮತ್ತೆ, ಯೂರೊ ಕಾರ್ಡ್ ಹಿಡಿದು ಸ್ವಿಟ್ಜರ್ಲೆಂಡ್ ನೋಡಿ ಬರ್ತೀವಿ ಅಂತ ಹೊರಟರೆ ಅಲ್ಲಿ ಫ್ರಾಂಕ್. ಕ್ರಾಸ್ ಕರೆನ್ಸಿ ಶುಲ್ಕ ಬೀಳುತ್ತದೆ.

ಪಾವಗಡ_ಟು_ಫ್ರಾಂಕ್‌ಫರ್ಟ್:
ನಾನು ಇಲ್ಲೇ ಇದ್ದೇನೆ, ಕೆಲವು ವಿಷಯ ಹೇಳುತ್ತೇನೆ. ಬರೀ ಫಾರೆಕ್ಸ್ ಕಾರ್ಡ್ ನಂಬಿಕೊಂಡು ಬರಬೇಡಿ. ಹೋಟೆಲ್‌ನಲ್ಲಿ ಚೆಕ್ ಇನ್ ಆಗುವಾಗ ಡೆಪಾಸಿಟ್ ಅಂತ ಒಂದು ಮೊತ್ತ ತಡೆಹಿಡಿಯುತ್ತಾರೆ. ಕ್ರೆಡಿಟ್ ಕಾರ್ಡ್ ಆದರೆ ಲಿಮಿಟ್ ಸ್ವಲ್ಪ ದಿನ ಕಡಿಮೆ ಕಾಣುತ್ತದೆ, ಅಷ್ಟೇ. ಪ್ರಿಪೇಯ್ಡ್ ಆದರೆ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಹಾಕಿಕೊಳ್ಳುತ್ತದೆ. ಊರಿಗೆ ವಾಪಸ್ ಹೋದ ಮೇಲೂ ಬಿಡುಗಡೆ ಆಗಿರುವುದಿಲ್ಲ. ಬಾಡಿಗೆ ಕಾರಿನವರಲ್ಲಿ ತುಂಬಾ ಜನ ಪ್ರಿಪೇಯ್ಡ್ ಕಾರ್ಡ್ ಮುಟ್ಟುವುದೇ ಇಲ್ಲ.

ಎರಡನೆಯದು, ಮೆಷಿನ್ ಕೇಳುವ ಪ್ರಶ್ನೆ. ಭಾರತದ ಕಾರ್ಡ್ ಹಾಕಿದ ತಕ್ಷಣ ಪರದೆ ಮೇಲೆ ಎರಡು ಸಾಲು ಬರುತ್ತದೆ: ಮೇಲೆ ಯೂರೊ ಮೊತ್ತ, ಕೆಳಗೆ ರೂಪಾಯಿ ಮೊತ್ತ. ರೂಪಾಯಿ ನೋಡಿ ನಮ್ಮವರಿಗೆ ಖುಷಿ. ಹೋಟೆಲ್ ಹುಡುಗಿ ನಗುನಗುತ್ತಾ ಅದನ್ನೇ ತೋರಿಸುತ್ತಾಳೆ. ಒತ್ತಬೇಡಿ. ಅಲ್ಲಿ ಅವರದೇ ಪರಿವರ್ತನೆ ದರ, ಯಾವಾಗಲೂ ಜಾಸ್ತಿ. ಅದಾದ ಮೇಲೂ ವಿದೇಶದಲ್ಲಿ ನಡೆದ ವ್ಯವಹಾರ ಅಂತ ನಿಮ್ಮ ಬ್ಯಾಂಕು ಬೇರೆ ಶುಲ್ಕ ಹಾಕಬಹುದು. ಯೂರೊ ಸಾಲನ್ನೇ ಒತ್ತಿ. ಎಟಿಎಂನಲ್ಲೂ ಇದೇ ಆಟ.

ಮೂರನೆಯದು, ಜರ್ಮನಿ ಅಂದರೆ ಎಲ್ಲಾ ಕಡೆ ಕಾರ್ಡ್ ಅಂದುಕೊಂಡು ಬರಬೇಡಿ. ಬೇಕರಿ, ಸಣ್ಣ ಹೋಟೆಲ್‌ಗಳಲ್ಲಿ ಈಗಲೂ "ನಗದು ಮಾತ್ರ" ಅನ್ನುವ ಬೋರ್ಡ್ ಇರುತ್ತದೆ. ಕೆಲವು ಕಡೆ ಇಲ್ಲಿನವರ ಜಿರೊಕಾರ್ಡ್ (girocard) ಅನ್ನುವ ಡೆಬಿಟ್ ಕಾರ್ಡ್ ಮಾತ್ರ ನಡೆಯುತ್ತದೆ, ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ನಡೆಯುವುದಿಲ್ಲ. ಒಂದಿಷ್ಟು ಚಿಲ್ಲರೆ ಇರಲಿ. ರೈಲ್ವೆ ಸ್ಟೇಷನ್ ಶೌಚಾಲಯಕ್ಕೂ ದುಡ್ಡು ಕೊಡಬೇಕು.

ತಟ್ಟೆಇಡ್ಲಿ_ತಮ್ಮಯ್ಯ:
ತುಮಕೂರಿನಲ್ಲಿ ಎಳನೀರಿನವನಿಗೂ ಕ್ಯೂಆರ್ ಕೋಡ್ ಇದೆ. ಜರ್ಮನಿ ಯಾವಾಗ ಮುಂದುವರಿಯುತ್ತೋ ಏನೋ.

ಹೆಬ್ಬೂರು_ಹುಡುಗಿ:
ಯುಪಿಐ ಅಲ್ಲೂ ನಡೆಯುತ್ತೆ ಅಂತ ಟಿವಿಯಲ್ಲಿ ತೋರಿಸಿದ್ದರಲ್ಲ?

ಪಾವಗಡ_ಟು_ಫ್ರಾಂಕ್‌ಫರ್ಟ್:
@ಹೆಬ್ಬೂರು_ಹುಡುಗಿ ಅದು ಪ್ಯಾರಿಸ್‌ನ ಐಫೆಲ್ ಟವರ್, 2024ರ ಫೆಬ್ರವರಿಯಲ್ಲಿ. ಸಿಂಗಾಪುರದ ಪೇನೌ ಅನ್ನುವ ಪಾವತಿ ವ್ಯವಸ್ಥೆ ಜೊತೆ 2023ರಲ್ಲೇ ಜೋಡಿಸಿದ್ದಾರೆ. ಭೂತಾನ್, ನೇಪಾಳ, ಯುಎಇ, ಶ್ರೀಲಂಕಾ, ಮಾರಿಷಸ್‌ನಲ್ಲೂ ಇದೆ. ಹ್ಯಾನೋವರ್‌ನ ಬೇಕರಿಯಲ್ಲಿ ಫೋನ್ ತೋರಿಸಿದರೆ ಅಜ್ಜಿ ನಿಮ್ಮ ಮುಖ ನೋಡುತ್ತಾಳೆ ಅಷ್ಟೇ.

ಬಟವಾಡಿ_ಬಸವರಾಜು:
ಇನ್ನೊಂದು ಸೇರಿಸಿ. ಹೊರಡುವ ಮೊದಲು ಕಾರ್ಡ್‌ನಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆನ್ ಮಾಡಿ. 2020ರ ಅಕ್ಟೋಬರ್‌ನಿಂದ ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ಅದು ಮೊದಲೇ ಬಂದ್ ಆಗಿರುತ್ತದೆ. ನಮ್ಮ ಎಂ.ಡಿ. ದುಬೈನಲ್ಲಿ ಗಿರಾಕಿಗಳಿಗೆ ಊಟ ಹಾಕಿಸಿ, ಕಾರ್ಡ್ ಕೊಟ್ಟರೆ ಡಿಕ್ಲೈನ್. ಕೊನೆಗೆ ಗಿರಾಕಿಯೇ ಬಿಲ್ ಕೊಟ್ಟ. ಆ ಆರ್ಡರ್ ಬಂತು, ಅದು ಬೇರೆ ಮಾತು. ಬಹುಶಃ ಅಯ್ಯೋ ಪಾಪ ಅಂತ ಕೊಟ್ಟಿರಬೇಕು.

ಮೈಸೂರ್‌ಬ್ಯಾಂಕ್_ಅಭಿಮಾನಿ:
ನಮ್ಮ ಮೈಸೂರು ಬ್ಯಾಂಕ್ ಇದ್ದಿದ್ದರೆ ಇಷ್ಟೆಲ್ಲ ಗೊಂದಲವೇ ಇರುತ್ತಿರಲಿಲ್ಲ. 2017ರಲ್ಲಿ ಎಸ್‌ಬಿಐ ಜೊತೆ ಸೇರಿಸಿಬಿಟ್ಟರು. ಆಮೇಲೆ ವಿಜಯಾ ಹೋಯಿತು, ಸಿಂಡಿಕೇಟ್ ಹೋಯಿತು, ಕಾರ್ಪೊರೇಷನ್ ಹೋಯಿತು. ಈಗ ವಿದೇಶಿ ಬ್ಯಾಂಕಿನವರು ಬಂದು ವಸಂತನರಸಾಪುರದಲ್ಲಿ ಬಾಗಿಲು ತಟ್ಟುತ್ತಿದ್ದಾರೆ.

ಸಿರಾಗೇಟ್_ಸೀನ:
@ಮೈಸೂರ್‌ಬ್ಯಾಂಕ್_ಅಭಿಮಾನಿ ಸಾರ್, ಮೈಸೂರು ಬ್ಯಾಂಕ್‌ನಲ್ಲಿ ಡಿಡಿ ತೆಗೆಸಲು ಅರ್ಧ ದಿನ ನಿಂತವನು ನಾನು. ನೆನಪು ಚಂದ ಅಷ್ಟೇ.

ಮೈಸೂರ್‌ಬ್ಯಾಂಕ್_ಅಭಿಮಾನಿ:
ನಿಂತರೂ ಕನ್ನಡದಲ್ಲಿ ಮಾತಾಡುತ್ತಿದ್ದರು ಸ್ವಾಮಿ. ಅಷ್ಟು ಸಾಕಿತ್ತು.

ವೇಮಗಲ್_ವಾಸಿ:
ಎಲ್ಲರೂ ಮಾರ್ಕಪ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೊಣೆ ಯಾರದು ಅಂತ ಒಬ್ಬರೂ ಕೇಳಲಿಲ್ಲ. ನನಗೆ ಆದದ್ದು ಹೇಳುತ್ತೇನೆ.

ಕೋಲಾರದ ಕಡೆಯ ಒಂದು ಬಿಡಿಭಾಗದ ಕಂಪನಿಯಲ್ಲಿ ಇದ್ದೆ. ಹೆಸರು ಬೇಡ. ಮಷೀನ್ ಟ್ರಯಲ್‌ಗೆ ಅಂತ ಆಗಾಗ ಹೊರದೇಶಕ್ಕೆ ಕಳಿಸುತ್ತಿದ್ದರು. ಕಾರ್ಪೊರೇಟ್ ಕಾರ್ಡ್ ಕೊಟ್ಟರು. ಕಂಪನಿ ಹೆಸರು ಮೇಲೆ, ನನ್ನ ಹೆಸರು ಕೆಳಗೆ. ಒಂದು ಫಾರಂಗೆ ಸಹಿ ಹಾಕಿ ಅಂದರು, ಹಾಕಿದೆ. ಎಚ್‌ಆರ್ ಕೊಟ್ಟ ಫಾರಂ ಯಾರು ಓದುತ್ತಾರೆ? ಹೋಟೆಲ್, ಟ್ಯಾಕ್ಸಿ, ಕಡೆಗೆ ಅಲ್ಲಿ ಸುಟ್ಟುಹೋದ ಒಂದು ಸೆನ್ಸರ್ ಕೂಡ ಆ ಕಾರ್ಡ್‌ನಲ್ಲೇ ಕೊಂಡೆ, ಕಂಪನಿಯೇ ಕೊಳ್ಳಲು ಹೇಳಿತ್ತು. ಆಮೇಲೆ ಕಂಪನಿಗೆ ಆರ್ಡರ್ ನಿಂತವು. ಸಂಬಳ ತಡವಾಯಿತು, ನಾನು ಬಿಟ್ಟೆ. ಬಿಡುವಾಗ ಕಾರ್ಡ್ ಕತ್ತರಿಸಿ ಎಚ್‌ಆರ್ ಕೈಗೆ ಕೊಟ್ಟು ಬಂದೆ.

ಅದಾದ ಮೇಲೆ ಕಲೆಕ್ಷನ್‌ನವರ ಫೋನ್ ಶುರು. ಮೊದಲು ಮರ್ಯಾದೆಯಿಂದ, ಆಮೇಲೆ ನಮ್ಮ ತಂದೆಗೆ. ಕಂಪನಿ ಆ ಬಿಲ್ಲುಗಳನ್ನು ಕಟ್ಟಿರಲೇ ಇಲ್ಲ. ನಾನು ಸಹಿ ಹಾಕಿದ್ದ ಫಾರಂನಲ್ಲಿ "ಕಂಪನಿ ಮತ್ತು ಕಾರ್ಡುದಾರರು ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರು" ಅಂತ ಒಂದು ಸಾಲು. ಅಂದರೆ ಕಂಪನಿ ಕೊಡದಿದ್ದರೆ ಪೂರ್ತಿ ಮೊತ್ತ ನನ್ನ ಹತ್ತಿರ ವಸೂಲಿ ಮಾಡಬಹುದು. ಮನೆ ಸಾಲಕ್ಕೆ ಅರ್ಜಿ ಹಾಕಿದರೆ ಸಿಬಿಲ್ ವರದಿಯಲ್ಲಿ ಅದೇ ಬಾಕಿ ಕೂತಿದೆ. ಸೆನ್ಸರ್ ಬಿಲ್, ಕೊಳ್ಳಿ ಅಂತ ಮ್ಯಾನೇಜರ್ ಕಳಿಸಿದ್ದ ಮೇಲ್, ಎಲ್ಲಾ ಜೋಡಿಸಿ ಬ್ಯಾಂಕಿಗೆ ಬರೆದೆ, ಉತ್ತರ ಬರಲಿಲ್ಲ. ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟ ಮೇಲೆ ಮಾತುಕತೆಗೆ ಬಂದರು. ಇತ್ಯರ್ಥ ಆಯಿತು, ಆದರೆ ಅಷ್ಟರಲ್ಲಿ ನಾನು ನೋಡಿಟ್ಟಿದ್ದ ಸೈಟ್ ಬೇರೆಯವರ ಪಾಲಾಗಿತ್ತು.

ಹಾಗಾಗಿ @ವಸಂತನರಸಾಪುರ_ಲೇತ್, ನಿಮ್ಮವರಿಗೆ ಕಾರ್ಡ್ ಕೊಡುವ ಮೊದಲು ಅವರಿಂದ ಯಾವ ಕಾಗದಕ್ಕೆ ಸಹಿ ಹಾಕಿಸುತ್ತಿದ್ದೀರಿ ಅಂತ ನೋಡಿ.

ಹೆಬ್ಬೂರು_ಹುಡುಗಿ:
ಅಬ್ಬಾ. ನಮ್ಮ ಆಫೀಸಿನಲ್ಲೂ ನನಗೆ ಇಂಥದ್ದೇ ಕಾರ್ಡ್ ಇದೆ. ನಾಳೆ ಫಾರಂ ಕೇಳುತ್ತೇನೆ.

ಗೌರಿಬಿದನೂರು_ಗಿರಿ:
ಇದು ಕಂಪನಿಯ ತಪ್ಪು, ಕಾರ್ಡಿನ ತಪ್ಪಲ್ಲ. ನಮ್ಮಲ್ಲಿ ಪೂರ್ತಿ ಹೊಣೆ ಕಂಪನಿಯದೇ.

ವೇಮಗಲ್_ವಾಸಿ:
@ಗೌರಿಬಿದನೂರು_ಗಿರಿ ಕಾಗದ ನೋಡಿ ಹೇಳುತ್ತಿದ್ದೀರೋ, ಎಚ್‌ಆರ್ ಹೇಳಿದ್ದನ್ನು ಹೇಳುತ್ತಿದ್ದೀರೋ?

ಗೌರಿಬಿದನೂರು_ಗಿರಿ:
ಎಚ್‌ಆರ್ ಹೇಳಿದ್ದು. ಸೋಮವಾರ ನೋಡುತ್ತೇನೆ.

ಲೆಕ್ಕದ_ಮೇಷ್ಟ್ರು:
@ವೇಮಗಲ್_ವಾಸಿ ಹೇಳಿದ್ದು ಈ ಚರ್ಚೆಯ ಮುಖ್ಯ ಮಾತು. ಹೊಣೆ ಮೂರು ಬಗೆಯಲ್ಲಿ ಬರೆಯುತ್ತಾರೆ. ಬರೀ ಕಂಪನಿಯದು, ಬರೀ ನೌಕರನದು, ಇಲ್ಲ ಇಬ್ಬರದೂ ಸೇರಿ. ದೊಡ್ಡ ಕಂಪನಿಗಳು ಹಟ ಹಿಡಿದು ಮೊದಲನೆಯದನ್ನು ಬರೆಸಿಕೊಳ್ಳುತ್ತವೆ. ಸಣ್ಣವರಿಗೆ ಬ್ಯಾಂಕು ಮೂರನೆಯದನ್ನು ತಳ್ಳುತ್ತದೆ. ನಿಮ್ಮಲ್ಲಿ ಎಫ್‌ಡಿ ಬೇರೆ ಅಡವಿಡುತ್ತಿದ್ದೀರಿ. ಎಫ್‌ಡಿ ಇಟ್ಟುಕೊಂಡ ಮೇಲೆ ಡೈರೆಕ್ಟರ್ ಗ್ಯಾರಂಟಿ ಯಾಕೆ, ನೌಕರನ ಹೊಣೆ ಯಾಕೆ ಅಂತ ನೇರವಾಗಿ ಕೇಳಿ. ಒಂದೇ ಸಾಲಕ್ಕೆ ಮೂರು ಬೀಗ ಜಡಿಯುವುದು ಬ್ಯಾಂಕಿಗೆ ಒಳ್ಳೆಯದು, ನಿಮಗಲ್ಲ.

ನೌಕರ ಬಿಟ್ಟು ಹೋದಾಗ ಕಾರ್ಡ್ ಕತ್ತರಿಸಿದರೆ ಸಾಲದು. ಮುಚ್ಚಲು ಬರಹದಲ್ಲಿ ಕೊಟ್ಟು ಒಪ್ಪಿಗೆ ಮೇಲ್ ಇಟ್ಟುಕೊಳ್ಳಬೇಕು. ಬಾಕಿ ಇಲ್ಲದ ಕ್ರೆಡಿಟ್ ಕಾರ್ಡನ್ನು ಕೋರಿಕೆ ಬಂದ 7 ಕೆಲಸದ ದಿನದೊಳಗೆ ಮುಚ್ಚಬೇಕು, ಇಲ್ಲದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಅಂತ ಆರ್‌ಬಿಐ 2022ರಲ್ಲೇ ನಿರ್ದೇಶಿಸಿದೆ.

ವಸಂತನರಸಾಪುರ_ಲೇತ್:
ಈಗ ತಾನೇ ಕರಡು ಒಪ್ಪಂದ ತೆಗೆದು ನೋಡಿದೆ. ಪುಟ 11ರಲ್ಲಿ ಅದೇ ಸಾಲು ಇದೆ, ಜಂಟಿಯಾಗಿಯೂ ಪ್ರತ್ಯೇಕವಾಗಿಯೂ. ಮಾಲೀಕರಿಗೆ ತೋರಿಸಿದೆ. "ನಮ್ಮ ಹುಡುಗರ ಮೇಲೆ ಇದನ್ನು ಹಾಕೋದು ಬೇಡ" ಅಂದರು. ಅಷ್ಟರಮಟ್ಟಿಗೆ ಸಮಾಧಾನ.

ಇನ್ನೆರಡು ಪ್ರಶ್ನೆ. ಎಫ್‌ಡಿ ವಿದೇಶಿ ಬ್ಯಾಂಕಿನಲ್ಲಿ ಇಟ್ಟರೆ ವಿಮೆ ಇರುತ್ತದಾ? ವಿದೇಶ ಪ್ರವಾಸಕ್ಕೆ ಟಿಸಿಎಸ್ (ದುಡ್ಡು ಕಳಿಸುವಾಗಲೇ ಹಿಡಿಯುವ ತೆರಿಗೆ) ಬೀಳುತ್ತೆ ಅಂತ ಯಾರೋ ಹೆದರಿಸಿದ್ದಾರೆ, ನಿಜವಾ?

ಬಟವಾಡಿ_ಬಸವರಾಜು:
ವಿಮೆ ಇದೆ. ಭಾರತದಲ್ಲಿರುವ ವಿದೇಶಿ ಬ್ಯಾಂಕಿನ ಶಾಖೆಗಳೂ ಠೇವಣಿ ವಿಮೆ ನೀಡುವ ಡಿಐಸಿಜಿಸಿ ವ್ಯಾಪ್ತಿಗೆ ಬರುತ್ತವೆ. ಆದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ಅಷ್ಟೇ. ಎಚ್‌ಎಸ್‌ಬಿಸಿ, ಸಿಟಿ, ಡಾಯ್ಚ ಬ್ಯಾಂಕ್ ಇವೆಲ್ಲ ಇಲ್ಲಿ ಶಾಖೆ ರೂಪದಲ್ಲಿವೆ. ಡಿಬಿಎಸ್ ಆದರೆ 2019ರಿಂದ ಇಲ್ಲೇ ಅಂಗಸಂಸ್ಥೆ ಮಾಡಿಕೊಂಡಿದೆ, ಲಕ್ಷ್ಮಿ ವಿಲಾಸ್ ಬ್ಯಾಂಕ್ ಅದಕ್ಕೇ ಸೇರಿದ್ದು.

ಸಿರಾಗೇಟ್_ಸೀನ:
ಸಿಟಿ ಬ್ಯಾಂಕ್ ಇಂಡಿಯಾ ಬಿಟ್ಟು ಹೋಗಿದೆ ಅಲ್ವಾ?

ಬಟವಾಡಿ_ಬಸವರಾಜು:
@ಸಿರಾಗೇಟ್_ಸೀನ ನಮ್ಮ ನಿಮ್ಮಂಥವರ ಖಾತೆ, ಕಾರ್ಡ್‌ಗಳನ್ನು 2023ರ ಮಾರ್ಚ್‌ನಲ್ಲಿ ಆಕ್ಸಿಸ್‌ಗೆ ಮಾರಿತು. ಕಂಪನಿಗಳ ಜೊತೆಗಿನ ವ್ಯವಹಾರ ಇಟ್ಟುಕೊಂಡಿದೆ. ಲಾಭ ಎಲ್ಲಿದೆ ಅಂತ ಅವರಿಗೆ ಗೊತ್ತು.

ಲೆಕ್ಕದ_ಮೇಷ್ಟ್ರು:
ಟಿಸಿಎಸ್ ಗೊಂದಲ ಎಲ್ಲರಿಗೂ ಇದೆ. ಎಲ್‌ಆರ್‌ಎಸ್ ಅಂದರೆ ವ್ಯಕ್ತಿಗಳು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದಾದ ಯೋಜನೆ. ಟಿಸಿಎಸ್ ಬರುವುದು ಅದರ ಮೇಲೆ. ಕಂಪನಿ ತನ್ನ ಕೆಲಸಕ್ಕೆ ನೌಕರನನ್ನು ಕಳಿಸಿ ಖರ್ಚು ತಾನೇ ಭರಿಸಿದರೆ ಅದು ಎಲ್‌ಆರ್‌ಎಸ್‌ಗೆ ಸೇರುವುದಿಲ್ಲ. ಫಾರೆಕ್ಸ್ ಕಾರ್ಡ್‌ಗೆ ದುಡ್ಡು ಕಂಪನಿ ಖಾತೆಯಿಂದಲೇ ಹೋಗಲಿ, ಫಾರಂನಲ್ಲಿ ವ್ಯಾಪಾರ ಪ್ರವಾಸ ಅಂತ ಗುರುತಿಸಿ. ಯಾರೋ ಅವಸರದಲ್ಲಿ ಸ್ವಂತ ಖಾತೆಯಿಂದ ತುಂಬಿಸಿದರೆ ಆಗ ಅವರ ಲೆಕ್ಕಕ್ಕೆ ಬೀಳುತ್ತದೆ. ಅಂದ ಹಾಗೆ ನಿಮ್ಮದು ಪ್ರೈವೇಟ್ ಲಿಮಿಟೆಡ್ ತಾನೇ? ಒಬ್ಬರ ಮಾಲೀಕತ್ವದ ಸಂಸ್ಥೆ ಆದರೆ ಕಥೆ ಬೇರೆ.

ನಗದು ನೋಟು ಒಬ್ಬರಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಬೆಲೆಯಷ್ಟು ಮಾತ್ರ.

ವಸಂತನರಸಾಪುರ_ಲೇತ್:
ಪ್ರೈವೇಟ್ ಲಿಮಿಟೆಡ್. ಥ್ಯಾಂಕ್ಸ್ ಮೇಷ್ಟ್ರೇ. ಮೇಳದ ಸ್ಟಾಲ್ ಬಾಡಿಗೆಯನ್ನೂ ಕಾರ್ಡ್‌ನಲ್ಲೇ ಕಟ್ಟಬಹುದು, ಗೋದಾಮಿನ ಬಾಡಿಗೆ ಕೂಡ ಅಂತ ಬ್ಯಾಂಕಿನವರು ಹೇಳಿದ್ದರು.

ಲೆಕ್ಕದ_ಮೇಷ್ಟ್ರು:
ಗೋದಾಮಿನ ಬಾಡಿಗೆ ಮಾತು ನಂಬಬೇಡಿ. ಕಾರ್ಡ್ ತೆಗೆದುಕೊಳ್ಳದ ಸಪ್ಲೈಯರ್‌ಗಳಿಗೆ ಮಧ್ಯದಲ್ಲೊಬ್ಬ ಏಜೆಂಟ್ ಇಟ್ಟು ಕಾರ್ಪೊರೇಟ್ ಕಾರ್ಡ್‌ನಿಂದ ದುಡ್ಡು ಕಳಿಸುವ ವ್ಯವಸ್ಥೆಗೆ 2024ರ ಫೆಬ್ರವರಿಯಲ್ಲಿ ಆರ್‌ಬಿಐ ತಡೆ ಹಾಕಿತು. ಸ್ಟಾಲ್ ಬಾಡಿಗೆಗೆ ಇನ್‌ವಾಯ್ಸ್ ನೋಡಿ. ಕೆಳಗೆ ಐಬಿಎಎನ್ (ಯೂರೋಪಿನ ಬ್ಯಾಂಕ್ ಖಾತೆ) ನಂಬರ್ ಕೊಟ್ಟಿದ್ದರೆ ಬ್ಯಾಂಕ್ ವರ್ಗಾವಣೆಯೇ ಗತಿ. ಹೊರದೇಶಕ್ಕೆ ಹಣ ಕಳಿಸುವಾಗಿನ ತೆರಿಗೆ ಫಾರಂಗಳು ಬೇಕಾ ಅಂತ ನಿಮ್ಮ ಆಡಿಟರ್ ಕೈಲಿ ನೋಡಿಸಿ. ಶುಲ್ಕದ ಜಾಗದಲ್ಲಿ "ಅವರ್" (OUR, ಎಲ್ಲ ಶುಲ್ಕ ಕಳಿಸುವವರದೇ) ಅಂತ ಹಾಕಿಸಿ. "ಎಸ್‌ಎಚ್‌ಎ" (ಶುಲ್ಕ ಇಬ್ಬರೂ ಹಂಚಿಕೊಳ್ಳುವುದು) ಹಾಕಿದರೆ ಮಧ್ಯದ ಬ್ಯಾಂಕುಗಳು ದಾರಿಯಲ್ಲೇ ಒಂದಿಷ್ಟು ಕಡಿದುಕೊಂಡು, ಮೇಳದವರು "20 ಯೂರೊ ಬಾಕಿ" ಅಂತ ಜ್ಞಾಪನೆ ಕಳಿಸುತ್ತಾರೆ.

ಮಧುಗಿರಿ_ಏಕಶಿಲೆ:
ನಮಗೆ ಇದರ ಉಲ್ಟಾ ಆಗುತ್ತದೆ. ನಾವು ಹುಣಸೆಹಣ್ಣು ರಫ್ತು ಮಾಡುವವರು. ಗಿರಾಕಿ ಪೂರ್ತಿ ಕಳಿಸಿದೆ ಅಂತಾನೆ, ಇಲ್ಲಿ ಕಡಿಮೆ ಬಂದಿರುತ್ತದೆ. ಶಿಪ್ಪಿಂಗ್ ಬಿಲ್ಲಿನ ಮೊತ್ತಕ್ಕೂ ಬಂದ ಮೊತ್ತಕ್ಕೂ ತಾಳೆ ಆಗದೆ, ರಫ್ತಿನ ಹಣ ಬಂತಾ ಅಂತ ಲೆಕ್ಕ ಇಡುವ ಆರ್‌ಬಿಐನ ಇಡಿಪಿಎಂಎಸ್‌ನಲ್ಲಿ ಎಂಟ್ರಿ ಬಾಕಿ. ಚಿಲ್ಲರೆ ಕಾಸಿಗೆ ಬ್ಯಾಂಕಿಗೆ ಪತ್ರದ ಮೇಲೆ ಪತ್ರ ಬರೆಯಬೇಕು.

ಪಾವಗಡ_ಟು_ಫ್ರಾಂಕ್‌ಫರ್ಟ್:
ಇಲ್ಲಿ ಯೂರೋಪಿನೊಳಗೆ ಸೆಪಾ ಅಂತ ವ್ಯವಸ್ಥೆ ಇದೆ. ಇನ್‌ಸ್ಟಂಟ್ ವರ್ಗಾವಣೆ 10 ಸೆಕೆಂಡಿನಲ್ಲಿ ಹೋಗುತ್ತದೆ. 2025ರ ಅಕ್ಟೋಬರ್‌ನಿಂದ ಯೂರೊ ವಲಯದ ಬ್ಯಾಂಕುಗಳು ಕಳಿಸುವ ಮೊದಲು ಖಾತೆಯ ಹೆಸರು, ನಂಬರ್ ತಾಳೆ ನೋಡಿ ಹೇಳಲೇಬೇಕು.

ವಸಂತನರಸಾಪುರ_ಲೇತ್:
ಮಾಲೀಕರಿಗೆ ಇದನ್ನು ಓದಿ ಹೇಳಿದೆ. ತಕ್ಷಣ ಹೊಸ ಐಡಿಯಾ: ಫ್ರಾಂಕ್‌ಫರ್ಟ್‌ನಲ್ಲಿ ಎಸ್‌ಬಿಐ ಶಾಖೆ ಇದೆಯಂತಲ್ಲ, ಅಲ್ಲೇ ಒಂದು ಖಾತೆ ತೆಗೆದು ಅಲ್ಲಿಂದಲೇ ಕಾರ್ಡ್ ತಗೊಂಡುಬಿಡೋಣ ಅಂತಾರೆ.

ಲೆಕ್ಕದ_ಮೇಷ್ಟ್ರು:
ನಿಧಾನ. ಬ್ಯಾಂಕ್ ನಮ್ಮದೇ ಆದರೂ ಶಾಖೆ ಇರುವುದು ಜರ್ಮನಿಯಲ್ಲಿ. ಅದು ಹೊರದೇಶದ ಖಾತೆ, ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾ ನಿಯಮ ಅನ್ವಯಿಸುತ್ತದೆ. ಅಲ್ಲಿ ನಿಮ್ಮದೊಂದು ಕಚೇರಿಯೋ ಶಾಖೆಯೋ ಇದ್ದರೆ ಅದರ ಹೆಸರಲ್ಲಿ ತೆಗೆಯಬಹುದು, ಕಳಿಸುವ ಮೊತ್ತಕ್ಕೂ ವಹಿವಾಟಿನ ಮೇಲೆ ಮಿತಿ ಇದೆ. ಮೇಳದಲ್ಲಿ ಭಾಗವಹಿಸುವವರಿಗೆ ತಾತ್ಕಾಲಿಕ ಖಾತೆಗೆ ಅವಕಾಶ ಇದೆ, ಆದರೆ ಮೇಳ ಮುಗಿದು ಒಂದು ತಿಂಗಳೊಳಗೆ ಉಳಿದ ಹಣ ಭಾರತಕ್ಕೆ ತರಬೇಕು. 2025ರ ಜನವರಿಯಲ್ಲಿ ಆರ್‌ಬಿಐ ರಫ್ತುದಾರರಿಗೆ ಇನ್ನೊಂದು ಬಾಗಿಲು ತೆರೆಯಿತು: ರಫ್ತಿನ ಹಣ ಪಡೆಯಲು, ಅದರಿಂದ ಆಮದಿಗೆ ಕೊಡಲು ಹೊರದೇಶದಲ್ಲಿ ಖಾತೆ ಇಡಬಹುದು. ಅದರಿಂದ ನಿಮ್ಮವರ ಊಟದ ಬಿಲ್ ಕೊಡಲು ಅಲ್ಲ.

ಇಷ್ಟು ಸಣ್ಣ ವಹಿವಾಟಿಗೆ ಅಷ್ಟು ದೂರ ಹೋಗಬೇಡಿ. ನಿಮ್ಮ ಬಿ.ಎಚ್. ರಸ್ತೆ ಬ್ಯಾಂಕಿನಲ್ಲೇ ಇಇಎಫ್‌ಸಿ ಖಾತೆ (ರಫ್ತುದಾರರ ವಿದೇಶಿ ಕರೆನ್ಸಿ ಖಾತೆ) ತೆಗೆಸಿ. ಜರ್ಮನಿಯಿಂದ ಬಂದ ಯೂರೊ ಯೂರೊದಲ್ಲೇ ಇರುತ್ತದೆ. ಸ್ಟಾಲ್ ಬಾಡಿಗೆ ಅದರಿಂದಲೇ ಕೊಡಿ. ಯೂರೊ ಮಾರಿ ಮತ್ತೆ ಯೂರೊ ಕೊಳ್ಳುವ ಎರಡು ಕಡೆಯ ನಷ್ಟ ಉಳಿಯುತ್ತದೆ. ಬಂದ ತಿಂಗಳ ಮುಂದಿನ ತಿಂಗಳ ಕೊನೆಯೊಳಗೆ ಬಳಸದೆ ಉಳಿದದ್ದನ್ನು ರೂಪಾಯಿ ಮಾಡಬೇಕು, ಅದೊಂದು ತಾರೀಖು ನೆನಪಿಡಿ.

ಮಧುಗಿರಿ_ಏಕಶಿಲೆ:
ಇಇಎಫ್‌ಸಿ ಬಗ್ಗೆ ನಮ್ಮ ಶಾಖೆಯವರು ಒಂದು ಮಾತೂ ಹೇಳಿಲ್ಲ ಇಷ್ಟು ದಿನ!

ಗೌರಿಬಿದನೂರು_ಗಿರಿ:
ಅದಕ್ಕೇ ನಾನು ಹೇಳಿದ್ದು. ವಿದೇಶಿ ಬ್ಯಾಂಕಿನ ಆರ್‌ಎಂ (ಗ್ರಾಹಕರನ್ನು ನೋಡಿಕೊಳ್ಳುವ ಅಧಿಕಾರಿ) ತಾನಾಗಿ ಬಂದು ಹೇಳುತ್ತಾನೆ.

ಸಿರಾಗೇಟ್_ಸೀನ:
ಪುಟ 11 ಮಾತ್ರ ಹೇಳಲಿಲ್ಲವಲ್ಲ.

ಪಾವಗಡ_ಟು_ಫ್ರಾಂಕ್‌ಫರ್ಟ್:
ಬಿಲ್ ವಿಷಯಕ್ಕೆ ಒಂದು ಸಲಹೆ. ಬಿಲ್ ಕೈಗೆ ಬಂದ ತಕ್ಷಣ ಫೋಟೊ ತೆಗೆದು ಗ್ರೂಪಿಗೆ ಹಾಕಲಿ, ಕೆಳಗೆ ಕನ್ನಡದಲ್ಲಿ ಒಂದು ಪದ: ಊಟ, ರೈಲು, ಹೋಟೆಲ್. ಸೂಪರ್ ಮಾರ್ಕೆಟ್ ಬಿಲ್ಲಿನಲ್ಲಿ "ಫಾಂಡ್" 0.25 ಅಂತ ಇದ್ದರೆ ಅದು ನೀರಿನ ಬಾಟಲಿಯ ಠೇವಣಿ. ಖಾಲಿ ಬಾಟಲಿ ಮೆಷಿನ್‌ಗೆ ಹಾಕಿದರೆ ವಾಪಸ್ ಬರುತ್ತದೆ.

ತಟ್ಟೆಇಡ್ಲಿ_ತಮ್ಮಯ್ಯ:
ಆ 25 ಸೆಂಟ್ ಯಾವ ಲೆಡ್ಜರ್‌ಗೆ ಹಾಕಬೇಕು ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು:
ನಿಮ್ಮ ಇಡ್ಲಿ ಖಾತೆಗೆ.

ವಸಂತನರಸಾಪುರ_ಲೇತ್:
ಎಲ್ಲರಿಗೂ ಒಂದು ಅಪ್‌ಡೇಟ್. ವಿದೇಶಿ ಬ್ಯಾಂಕಿನವರಿಗೆ ಫೋನ್ ಮಾಡಿ, ಹೊಣೆ ಬರೀ ಕಂಪನಿಯದು ಅಂತ ಬರೆಯಿರಿ, ಎಫ್‌ಡಿ ಇದ್ದಮೇಲೆ ಗ್ಯಾರಂಟಿ ಬೇಡ, ಮಾರ್ಕಪ್ ಶೇ. 2 ಮಾಡಿ ಅಂದೆ. ಮಾರ್ಕಪ್‌ಗೆ ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನೋಡಿ ಇನ್ನೂ ಕಡಿಮೆ ಕೇಳಬಹುದಿತ್ತು ಅನ್ನಿಸಿತು. ಪುಟ 11ರ ವಿಷಯ "ಮುಂಬೈಗೆ ಬರೆಯುತ್ತೇವೆ" ಅಂದಿದ್ದಾರೆ. ಬರೆಯಲಿ.

ಈ ಸಲಕ್ಕೆ ಹೀಗೆ ಮಾಡುತ್ತಿದ್ದೇವೆ. ನಾಲ್ವರಿಗೂ ನಮ್ಮ ಬ್ಯಾಂಕಿನ ಯೂರೊ ಫಾರೆಕ್ಸ್ ಕಾರ್ಡ್, ಕಂಪನಿ ಖಾತೆಯಿಂದ. ಹೋಟೆಲ್ ಡೆಪಾಸಿಟ್‌ಗೆ ಮಾಲೀಕರ ಕ್ರೆಡಿಟ್ ಕಾರ್ಡ್ ಒಂದೇ. ಇಇಎಫ್‌ಸಿ ಅರ್ಜಿ ಕೊಟ್ಟು ಬಂದೆ. ಮ್ಯಾನೇಜರ್ "ಇದು ನಿಮಗೆ ಯಾರು ಹೇಳಿದರು?" ಅಂತ ಕೇಳಿದರು.

ಶಿಡ್ಲಘಟ್ಟ_ಗೂಡು:
ತಡವಾಗಿ ಬಂದೆ. ನಾವು ರೇಷ್ಮೆ ನೂಲು ಬಿಚ್ಚಾಣಿಕೆಗೆ ಚೀನಾದಿಂದ ಆಟೊಮ್ಯಾಟಿಕ್ ರೀಲಿಂಗ್ ಮಷೀನ್ ತರಿಸಬೇಕು. ಮುಂಗಡ ಕಾರ್ಪೊರೇಟ್ ಕಾರ್ಡ್‌ನಲ್ಲಿ ಕಟ್ಟಿ ಅಂತ ಸಪ್ಲೈಯರ್ ಲಿಂಕ್ ಕಳಿಸಿದ್ದಾನೆ. ಕಟ್ಟಬಹುದಾ?

ಲೆಕ್ಕದ_ಮೇಷ್ಟ್ರು:
@ಶಿಡ್ಲಘಟ್ಟ_ಗೂಡು ಬೇಡ! ಮಷೀನ್ ಆಮದಿನ ದುಡ್ಡು ಬ್ಯಾಂಕಿನ ಮೂಲಕ ಸ್ವಿಫ್ಟ್‌ನಲ್ಲೇ ಹೋಗಲಿ. ಆಮೇಲೆ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ನ ಆಮದು ದಾಖಲೆ) ಜೊತೆ ತಾಳೆ ಮಾಡಬೇಕು. ಲಿಂಕ್ ಒತ್ತುವ ಮೊದಲು ಸಪ್ಲೈಯರ್‌ಗೆ ಫೋನ್ ಮಾಡಿ ಅವನೇ ಕಳಿಸಿದನಾ ಅಂತಲೂ ಕೇಳಿ. ಇನ್‌ವಾಯ್ಸ್ ಕೈಲಿ ಹಿಡಿದುಕೊಂಡು ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.